ನಿಯಮಗಳು, ಅಂಕಿಅಂಶಗಳ ವಿನ್ಯಾಸಗಳು ಮತ್ತು ಕಾರಣತ್ವ

ವಿಜ್ಞಾನದ ನಿಯಮಗಳೂ ಅಂಕಿಅಂಶಗಳಲ್ಲಿ ಕಾಣುವ ಸ್ಥಿರ ವಿನ್ಯಾಸಗಳೂ ಲೋಕದ ಘಟನೆಗಳಿಗೆ ಕಾರಣವಾಗಬಲ್ಲವೇ ಎಂಬುದು ವಿಜ್ಞಾನದ ತತ್ತ್ವಶಾಸ್ತ್ರದ ಮುಖ್ಯ ಪ್ರಶ್ನೆಗಳಲ್ಲೊಂದು. ನಿಯಮವೇ ವಸ್ತುಗಳನ್ನು ನಡೆಸುತ್ತದೆ ಎಂಬುದು ಒಂದು ಪಕ್ಷ. ವಸ್ತುಗಳು ನಡೆದುಕೊಳ್ಳುವ ರೀತಿಯನ್ನು ನಿಯಮ ಒಟ್ಟಾಗಿ ಹೇಳುತ್ತದೆ, ಅಷ್ಟೇ ಎಂಬುದು ಇನ್ನೊಂದು ಪಕ್ಷ. ಹದಿನೇಳನೆಯ ಶತಮಾನದಿಂದ ಈಚೆಗೆ ಭೌತವಿಜ್ಞಾನ, ಸಮಾಜಶಾಸ್ತ್ರ, ಜೀವವಿಜ್ಞಾನ, ಹವಾಮಾನಶಾಸ್ತ್ರಗಳೆಲ್ಲ ಈ ವಾದದಲ್ಲಿ ಪಾಲುಗೊಂಡಿವೆ. ಭಾರತದ ನ್ಯಾಯ, ಬೌದ್ಧ, ಚಾರ್ವಾಕ ಪರಂಪರೆಗಳು ಇದಕ್ಕೆ ಹತ್ತಿರದ ಪ್ರಶ್ನೆಗಳನ್ನು ಅದಕ್ಕೂ ಬಹಳ ಮೊದಲೇ ಎತ್ತಿಕೊಂಡಿದ್ದವು. ಬರ, ರೋಗ, ಅಪರಾಧಗಳ ವಿಚಾರದಲ್ಲಿ ಕಾರಣವನ್ನು ತಪ್ಪಾಗಿ ಗುರುತಿಸಿದರೆ ಪರಿಹಾರವೂ ತಪ್ಪುತ್ತದೆಯಾದ್ದರಿಂದ ಈ ಚರ್ಚೆ ಪಂಡಿತರಿಗಷ್ಟೇ ಸೇರಿದ್ದಲ್ಲ.

ಪ್ರಶ್ನೆಯ ಸ್ವರೂಪ

‘ಗುರುತ್ವಾಕರ್ಷಣ ನಿಯಮದಿಂದ ಹಣ್ಣು ನೆಲಕ್ಕೆ ಬಿತ್ತು’, ‘ಎಲ್ ನಿನೊದಿಂದ ಮಳೆ ಕೈಕೊಟ್ಟಿತು’ ಎಂಬಂಥ ಮಾತುಗಳು ಪಾಠಗಳಲ್ಲೂ ಪತ್ರಿಕೆಗಳಲ್ಲೂ ದಿನವೂ ಬರುತ್ತವೆ. ಇವುಗಳಲ್ಲಿ ಬರುವ ‘ಇಂದ’ ಎಂಬ ಪ್ರತ್ಯಯವನ್ನು ಸ್ವಲ್ಪ ನಿಂತು ನೋಡಬೇಕು. ‘ಬೆಂಕಿಯಿಂದ ಹೊಗೆ ಬಂತು’ ಎನ್ನುವಾಗ ಅದು ಉಂಟುಮಾಡಿದ್ದನ್ನು ಹೇಳುತ್ತದೆ. ‘ಹೊಗೆಯಿಂದ ಬೆಂಕಿ ಇದೆಯೆಂದು ಗೊತ್ತಾಯಿತು’ ಎನ್ನುವಾಗ ತಿಳಿವಿನ ಆಧಾರವನ್ನು ಹೇಳುತ್ತದೆ. ಹೊಗೆ ಬೆಂಕಿಯನ್ನು ಹೊತ್ತಿಸಲಿಲ್ಲ; ಬೆಂಕಿಯ ಸುಳಿವು ಕೊಟ್ಟಿತು. ಶಾಸ್ತ್ರಪರಿಭಾಷೆಯಲ್ಲಿ ಮೊದಲನೆಯದು ಕಾರಕ ಹೇತು, ಎರಡನೆಯದು ಜ್ಞಾಪಕ ಹೇತು. ನಿಯಮಗಳೂ ವಿನ್ಯಾಸಗಳೂ ಕಾರಕವೋ ಜ್ಞಾಪಕವೋ ಎಂಬುದೇ ಈ ಲೇಖನದ ವಿಷಯದ ತಿರುಳು.

ನಿಯಮ ಎಂಬ ಪದಕ್ಕೂ ಎರಡು ಅರ್ಥಗಳಿವೆ. ಪುಸ್ತಕದಲ್ಲಿ ಬರೆದಿಟ್ಟ ಸೂತ್ರ ಒಂದು. ಆ ಸೂತ್ರ ಹಿಡಿಯಲೆತ್ನಿಸುವ, ಲೋಕದಲ್ಲೇ ಇರುವ ಕ್ರಮ ಇನ್ನೊಂದು. ಬರೆದ ಸೂತ್ರ ಗ್ರಹಗಳನ್ನು ತಿರುಗಿಸುತ್ತದೆ ಎಂದು ಯಾರೂ ವಾದಿಸುವುದಿಲ್ಲ. ವಿವಾದವಿರುವುದು ಲೋಕದಲ್ಲಿರುವ ಕ್ರಮದ ಬಗ್ಗೆ.

ಭಾರತೀಯ ತರ್ಕಶಾಸ್ತ್ರದಲ್ಲಿ

ನ್ಯಾಯದರ್ಶನದ ಪ್ರಕಾರ ಕಾರ್ಯಕ್ಕಿಂತ ಮೊದಲು ತಪ್ಪದೆ ಇರುವುದು ಕಾರಣ. ಆದರೆ ‘ತಪ್ಪದೆ ಇರುವುದು’ ಎಂಬಷ್ಟೇ ಸಾಲದೆಂದು ನೈಯಾಯಿಕರು ಕಂಡುಕೊಂಡರು. ಮಡಕೆಯಾಗುವ ಮೊದಲು ಜೇಡಿಮಣ್ಣು, ಕುಂಬಾರ, ತಿಗರಿ, ಅದನ್ನು ತಿರುಗಿಸುವ ಕೋಲು ಇವೆಲ್ಲ ಇರುತ್ತವೆ. ಕೋಲಿನ ಬಣ್ಣವೂ ಇರುತ್ತದೆ. ಕುಂಬಾರನಿಗೆ ತಂದೆಯೂ ಇದ್ದೇ ಇರುತ್ತಾನೆ. ಮಣ್ಣು ಹೊತ್ತುತಂದ ಕತ್ತೆಯೂ ಇದ್ದೀತು. ಈ ಕೊನೆಯ ಮೂರರಂಥವನ್ನು ಅವರು ‘ಅನ್ಯಥಾಸಿದ್ಧ’ ಎಂದು ಕರೆದು ಕಾರಣಗಳ ಸಾಲಿನಿಂದ ಹೊರಗಿಟ್ಟರು. ಹದಿನೇಳನೆಯ ಶತಮಾನದ ವಿಶ್ವನಾಥನ ನ್ಯಾಯಸಿದ್ಧಾಂತಮುಕ್ತಾವಲಿ ಕೊಡುವ ಐದು ಬಗೆಗಳಲ್ಲಿ ಮೊದಲನೆಯದು ‘ದಂಡತ್ವ’. ಎಲ್ಲ ಕೋಲುಗಳಲ್ಲೂ ಸಮಾನವಾಗಿರುವ ಕೋಲುತನ ಮಡಕೆಗೆ ಕಾರಣವಲ್ಲ, ಕಾರಣವಾದದ್ದು ಕೋಲು. ಸಾಮಾನ್ಯ ಧರ್ಮಕ್ಕೂ ಕೆಲಸ ಮಾಡುವ ವಸ್ತುವಿಗೂ ಇರುವ ಭೇದ ಇಲ್ಲಿ ನಿಚ್ಚಳವಾಗಿದೆ.

ಒಂದು ಸಂಗತಿ ಇದ್ದಲ್ಲೆಲ್ಲ ಇನ್ನೊಂದು ತಪ್ಪದೆ ಇರುವುದಕ್ಕೆ ವ್ಯಾಪ್ತಿ ಎಂದು ಹೆಸರು. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ವ್ಯಾಪ್ತಿ. ಬೆಂಕಿಯಿದ್ದಲ್ಲಿ ಹೊಗೆ ಎಂಬುದು ಅಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಬೆಂಕಿಯಿಂದ ಹೊಗೆಯೇಳಲು ಹಸಿ ಸೌದೆ ಬೇಕು. ಹೀಗೆ ಮರೆಯಲ್ಲಿ ನಿಂತು ಸಂಬಂಧವನ್ನು ನಿಯಂತ್ರಿಸುವ ಅಂಶವನ್ನು ‘ಉಪಾಧಿ’ ಎಂದರು. ಎರಡು ಅಂಕಿಗಳ ಸಹಸಂಬಂಧದ ಹಿಂದೆ ಮೂರನೆಯ ಅಂಶವೊಂದು ಅಡಗಿರಬಹುದು ಎಂದು ಇಂದಿನ ಸಂಖ್ಯಾಶಾಸ್ತ್ರ ಕೊಡುವ ಎಚ್ಚರಿಕೆಗೆ ಇದು ತೀರ ಹತ್ತಿರದ್ದು. ಇಷ್ಟು ಸಲ ಜೊತೆಗೆ ಕಂಡದ್ದು ಮುಂದೆಯೂ ಜೊತೆಗಿರುತ್ತದೆ ಎನ್ನಲು ಆಧಾರವೇನು ಎಂದು ಚಾರ್ವಾಕರು ಕೇಳಿದರು. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಉತ್ತರ ಗಮನಾರ್ಹ: ಬರೀ ಕಂಡ ಸಾಹಚರ್ಯ ಸಾಲದು; ಒಂದು ಇನ್ನೊಂದರಿಂದ ಹುಟ್ಟಿರಬೇಕು, ಇಲ್ಲವೇ ಎರಡರ ಸ್ವಭಾವ ಒಂದೇ ಆಗಿರಬೇಕು. ಅಂದರೆ ವಿನ್ಯಾಸ ಕಾರಣತ್ವಕ್ಕೆ ಬುನಾದಿಯಲ್ಲ, ಕಾರಣತ್ವವೇ ವಿನ್ಯಾಸಕ್ಕೆ ಬುನಾದಿ.

ನಿಯಮದ ಕಲ್ಪನೆ ಬೆಳೆದ ಬಗೆ

ಯುರೋಪಿನಲ್ಲಿ ನಿಸರ್ಗ ನಿಯಮವೆಂಬ ಮಾತಿಗೆ ರಾಜಾಜ್ಞೆಯ, ದೇವರ ಕಟ್ಟಳೆಯ ಅರ್ಥಚ್ಛಾಯೆ ಮೊದಲಿನಿಂದಲೂ ಅಂಟಿಕೊಂಡಿತ್ತು. ರೆನೆ ಡೆಕಾರ್ಟ್ 1644ರಲ್ಲಿ ಪ್ರಕಟಿಸಿದ ತತ್ತ್ವಶಾಸ್ತ್ರದ ಮೂಲಸೂತ್ರಗಳ ಗ್ರಂಥದಲ್ಲಿ ಚಲನೆಯ ಪ್ರಥಮ ಕಾರಣ ದೇವರೆಂದೂ ನಿಸರ್ಗ ನಿಯಮಗಳು ಎರಡನೆಯ ಹಂತದ, ನಿರ್ದಿಷ್ಟ ಕಾರಣಗಳೆಂದೂ ಹೇಳಿದ. ನಿಯಮಗಳನ್ನು ನೇರವಾಗಿ ಕಾರಣವೆಂದು ಕರೆದ ಪ್ರಸಿದ್ಧ ಉದಾಹರಣೆ ಇದು. ರಾಬರ್ಟ್ ಬಾಯ್ಲ್ 1686ರಲ್ಲಿ ಇದಕ್ಕೆ ಆಕ್ಷೇಪವೆತ್ತಿದ. ಆಜ್ಞೆಯನ್ನು ಪಾಲಿಸಬೇಕಾದರೆ ಅದನ್ನು ಅರಿಯುವ ಬುದ್ಧಿ ಬೇಕು. ಕಲ್ಲಿಗೆ ಆ ಬುದ್ಧಿಯಿಲ್ಲವಾದ್ದರಿಂದ ಕಲ್ಲು ನಿಯಮ ಪಾಲಿಸುತ್ತದೆ ಎಂಬುದು ಆಲಂಕಾರಿಕ ಮಾತು ಎಂಬುದು ಅವನ ನಿಲುವು. ಐಸಾಕ್ ನ್ಯೂಟನ್ 1687ರ ಪ್ರಿನ್ಸಿಪಿಯಾದಲ್ಲಿ ಗುರುತ್ವದ ಗಣಿತವನ್ನು ಕೊಟ್ಟ. 1713ರ ಎರಡನೆಯ ಆವೃತ್ತಿಗೆ ಸೇರಿಸಿದ ಟಿಪ್ಪಣಿಯಲ್ಲಿ, ಗುರುತ್ವದ ಕಾರಣವನ್ನು ತಾನಿನ್ನೂ ಕಂಡುಹಿಡಿದಿಲ್ಲವೆಂದೂ ಅದರ ಬಗ್ಗೆ ಊಹೆ ಕಟ್ಟುವುದಿಲ್ಲವೆಂದೂ ಸ್ಪಷ್ಟಪಡಿಸಿದ. ನಿಯಮ ಕೈಗೆ ಸಿಕ್ಕಿದ್ದರೂ ಕಾರಣ ಸಿಕ್ಕಿಲ್ಲ ಎಂದು ಆ ನಿಯಮದ ಕರ್ತೃವೇ ಒಪ್ಪಿಕೊಂಡ ಸಂದರ್ಭವಿದು.

ಡೇವಿಡ್ ಹ್ಯೂಮ್ 1739–40ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಮತ್ತೂ ಮುಂದೆ ಹೋದ. ಒಂದು ಘಟನೆಯ ಬೆನ್ನಿಗೆ ಇನ್ನೊಂದು ಮತ್ತೆ ಮತ್ತೆ ಬರುವುದು ನಮಗೆ ಕಾಣುತ್ತದೆ, ಅವುಗಳನ್ನು ಬೆಸೆಯುವ ಶಕ್ತಿ ಎಲ್ಲೂ ಕಾಣುವುದಿಲ್ಲ ಎಂದ. ಇಲ್ಲಿ ಕಾರಣತ್ವವೇ ಒಂದು ಬಗೆಯ ವಿನ್ಯಾಸವಾಗುತ್ತದೆ. ಕಾರ್ಲ್ ಪಿಯರ್ಸನ್ 1892ರ ವಿಜ್ಞಾನದ ವ್ಯಾಕರಣ ಎಂಬ ಪುಸ್ತಕದಲ್ಲಿ ಈ ಹಾದಿಯಲ್ಲೇ ನಡೆದು, ಮುಂದಿನ ಆವೃತ್ತಿಯೊಂದರಲ್ಲಿ ಕಾರಣತ್ವದ ಸ್ಥಾನದಲ್ಲಿ ಸಹಸಂಬಂಧವನ್ನೇ ಕೂರಿಸಲು ಹೊರಟ.

ಸಮಾಜದ ಸ್ಥಿರ ಅಂಕಿಗಳು

ಲಂಡನ್ನಿನ ಜ್ಞಾನಸ್ನಾನದ ದಾಖಲೆಗಳಲ್ಲಿ 1629ರಿಂದ 1710ರವರೆಗಿನ 82 ವರ್ಷಗಳಲ್ಲೂ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಹೆಚ್ಚಿದ್ದುದನ್ನು ಜಾನ್ ಆರ್ಬತ್‌ನಾಟ್ ಎಂಬ ವೈದ್ಯ ತೋರಿಸಿ, ಇದು ಆಕಸ್ಮಿಕವಾಗಲಾರದು, ದೈವಸಂಕಲ್ಪ ಎಂದು ತೀರ್ಮಾನಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರಗಳು ಅಪರಾಧ, ಮದುವೆ, ಆತ್ಮಹತ್ಯೆಗಳ ಲೆಕ್ಕ ಅಚ್ಚುಹಾಕತೊಡಗಿದಾಗ ಆ ಅಂಕಿಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲವೆಂಬುದು ಜನರನ್ನು ಬೆರಗುಗೊಳಿಸಿತು. ಬೆಲ್ಜಿಯಮ್ಮಿನ ಖಗೋಳಜ್ಞ ಅಡಾಲ್ಫ್ ಕೆಟೆಲೆ 1835ರಲ್ಲಿ ‘ಸರಾಸರಿ ಮನುಷ್ಯ’ನೆಂಬ ಕಲ್ಪನೆಯನ್ನು ಮುಂದಿಟ್ಟು, ಸಮಾಜವೇ ಅಪರಾಧಗಳನ್ನು ಸಿದ್ಧಪಡಿಸುತ್ತದೆ, ಅಪರಾಧಿ ಅದರ ಉಪಕರಣ ಎಂದು ವಾದಿಸಿದ. 1857ರಲ್ಲಿ ಹೆನ್ರಿ ಥಾಮಸ್ ಬಕಲ್ ಇಂಗ್ಲೆಂಡಿನ ನಾಗರಿಕತೆಯ ಚರಿತ್ರೆಯಲ್ಲಿ ಇದನ್ನು ಇನ್ನಷ್ಟು ಬಲವಾಗಿ ಹೇಳಿದಾಗ ದೊಡ್ಡ ವಿವಾದವೆದ್ದಿತು. ಇಂತಿಷ್ಟು ಜನ ಪ್ರಾಣ ಬಿಡಲೇಬೇಕೆಂದು ಅಂಕಿಯೇ ವಿಧಿಸುವುದಾದರೆ ಮನುಷ್ಯನ ಇಚ್ಛೆಗೆ ಬೆಲೆಯೇನು ಎಂಬ ಆತಂಕ ಅದರ ಹಿಂದಿತ್ತು.

ಈ ಆತಂಕ ಹುಟ್ಟಿದ್ದು ಜ್ಞಾಪಕವನ್ನು ಕಾರಕವೆಂದು ಭಾವಿಸಿದ್ದರಿಂದ. ಬೇರೆಬೇರೆ ಮನೆಗಳಲ್ಲಿ, ಬೇರೆಬೇರೆ ಸಂಕಟಗಳಿಂದ ನಡೆದ ಸಾವುಗಳನ್ನು ಕೂಡಿಸಿದಾಗ ಆ ಮೊತ್ತ ಬಂದಿರುತ್ತದೆ. ಮೊತ್ತವನ್ನು ತುಂಬಲೆಂದು ಸಾವುಗಳು ನಡೆಯುವುದಿಲ್ಲ. ಮೊತ್ತ ಸ್ಥಿರವಾಗಿದ್ದರೆ ಸಂಕಟಗಳ ಮೂಲಗಳು ಬದಲಾಗಿಲ್ಲವೆಂದು ಅರ್ಥ, ಬದಲಾಯಿಸಲಾಗದು ಎಂದಲ್ಲ. ಎಮಿಲ್ ದರ್ಖೈಮ್ 1897ರ ಆತ್ಮಹತ್ಯೆ ಕುರಿತ ಅಧ್ಯಯನದಲ್ಲಿ ಕಾರಣವನ್ನು ಅಂಕಿಯಲ್ಲಿ ಹುಡುಕಲಿಲ್ಲ. ಕುಟುಂಬ, ಧರ್ಮ, ವೃತ್ತಿಗಳ ಮೂಲಕ ವ್ಯಕ್ತಿ ಸಮಾಜಕ್ಕೆ ಎಷ್ಟು ಬಿಗಿಯಾಗಿ ಬೆಸೆದುಕೊಂಡಿದ್ದಾನೆ ಎಂಬುದರಲ್ಲಿ ಹುಡುಕಿದ. ಅವನ ತೀರ್ಮಾನಗಳ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ ಹುಡುಕಿದ ಜಾಗ ಸರಿಯಾದದ್ದು.

ನೆಪ್ಚೂನ್ ಮತ್ತು ಬುಧ: ಎರಡು ಪಾಠಗಳು

ಯುರೇನಸ್ ಗ್ರಹ ಲೆಕ್ಕ ಹಾಕಿದ ದಾರಿಯನ್ನು ಬಿಟ್ಟು ತುಸು ಸರಿಯುತ್ತಿರುವುದು ಕಂಡಾಗ, ಫ್ರಾನ್ಸಿನ ಲ ವೆರಿಯೆ ಅದರಾಚೆ ಕಾಣದ ಗ್ರಹವೊಂದು ಎಳೆಯುತ್ತಿರಬೇಕೆಂದು ಗಣಿಸಿದ. 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದಲ್ಲಿ ಯೋಹಾನ್ ಗಾಲೆ ಅವನು ಸೂಚಿಸಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನನ್ನು ಕಂಡ. ಯುರೇನಸ್ಸಿನ ಓರೆ ನಡಿಗೆಗೆ ಕಾರಣವಾದದ್ದು ನೆಪ್ಚೂನ್. ನಿಯಮ ಅದನ್ನು ಎಲ್ಲಿ ಹುಡುಕಬೇಕೆಂದು ತೋರಿಸಿತು.

ಬುಧಗ್ರಹದ ಕಕ್ಷೆಯಲ್ಲೂ ಶತಮಾನಕ್ಕೆ ಸುಮಾರು 43 ಆರ್ಕ್ ಸೆಕೆಂಡುಗಳಷ್ಟು ಲೆಕ್ಕಕ್ಕೆ ಸಿಗದ ತಿರುವಿತ್ತು. ಲ ವೆರಿಯೆ ಅಲ್ಲಿಯೂ ಹೊಸ ಗ್ರಹವನ್ನು ಊಹಿಸಿ ವಲ್ಕನ್ ಎಂದು ಹೆಸರಿಟ್ಟ. ಅದು ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸಿದ್ಧಾಂತವನ್ನೇ ಹೊಸದಾಗಿ ರೂಪಿಸಿದಾಗ ಆ ತಿರುವು ತಾನಾಗಿ ಲೆಕ್ಕಕ್ಕೆ ಬಂತು. ಪುಸ್ತಕದ ನಿಯಮ ಬದಲಾಯಿತು. ಬುಧ ಮೊದಲಿನ ಹಾಗೆಯೇ ಸುತ್ತುತ್ತಿತ್ತು. ಹಳೆಯ ನಿಯಮದಲ್ಲಾಗಲಿ ಹೊಸದರಲ್ಲಾಗಲಿ ಬುಧನ ಮೇಲೆ ಮುಖ್ಯವಾಗಿ ಪ್ರಭಾವ ಬೀರುವುದು ಸೂರ್ಯನೇ. ಆ ಪ್ರಭಾವ ಯಾವ ಬಗೆಯದು ಎಂಬ ವರ್ಣನೆ ಮಾತ್ರ ಸುಧಾರಿಸಿತು.

ಆಧುನಿಕ ನಿಲುವುಗಳು

ಕಾರ್ಲ್ ಹೆಂಪೆಲ್ ಮತ್ತು ಪಾಲ್ ಓಪನ್‌ಹೈಮ್ 1948ರಲ್ಲಿ, ಒಂದು ಘಟನೆಯನ್ನು ನಿಯಮಗಳಿಂದಲೂ ಆರಂಭದ ಸ್ಥಿತಿಯಿಂದಲೂ ತರ್ಕಬದ್ಧವಾಗಿ ನಿಗಮಿಸುವುದೇ ಅದರ ವಿವರಣೆ ಎಂದರು. ಇದಕ್ಕೆ ಎದುರಾದ ಹೆಸರಾಂತ ಆಕ್ಷೇಪ ಧ್ವಜಸ್ತಂಭದ್ದು. ಕಂಬದ ಎತ್ತರ ಮತ್ತು ಸೂರ್ಯನ ಕೋನ ಗೊತ್ತಿದ್ದರೆ ನೆರಳಿನ ಉದ್ದ ಸಿಗುತ್ತದೆ. ನೆರಳಿನ ಉದ್ದ ಗೊತ್ತಿದ್ದರೆ ಕಂಬದ ಎತ್ತರವೂ ಅಷ್ಟೇ ಸಲೀಸಾಗಿ ಸಿಗುತ್ತದೆ. ಆದರೆ ನೆರಳು ಕಂಬವನ್ನು ಎತ್ತರವಾಗಿಸಲಿಲ್ಲ. ನಿಗಮನ ಎರಡೂ ದಿಕ್ಕಿಗೆ ಓಡುತ್ತದೆ, ಕಾರಣತ್ವ ಒಂದೇ ದಿಕ್ಕಿಗೆ ಹರಿಯುತ್ತದೆ.

ನಿಯಮಗಳ ಸ್ವರೂಪದ ಬಗ್ಗೆ ಇಂದು ಮುಖ್ಯವಾಗಿ ನಾಲ್ಕು ನಿಲುವುಗಳಿವೆ. ಡೇವಿಡ್ ಲೂಯಿಸ್ ಪ್ರಕಾರ, ಲೋಕದ ಎಲ್ಲ ಸಂಗತಿಗಳನ್ನೂ ಅತ್ಯಂತ ಸರಳವಾಗಿ, ಅತ್ಯಂತ ಸಮರ್ಥವಾಗಿ ಅಡಕಗೊಳಿಸುವ ವ್ಯವಸ್ಥೆಯ ಸೂತ್ರಗಳೇ ನಿಯಮಗಳು. ಡೇವಿಡ್ ಆರ್ಮ್‌ಸ್ಟ್ರಾಂಗ್ 1983ರಲ್ಲಿ, ಗುಣಗುಣಗಳ ನಡುವೆ ಇರುವ ನಿಜವಾದ ಅನಿವಾರ್ಯತೆಯ ಸಂಬಂಧವೇ ನಿಯಮವೆಂದು ಪ್ರತಿಪಾದಿಸಿದರು. ನ್ಯಾನ್ಸಿ ಕಾರ್ಟ್‌ರೈಟ್ ಅದೇ ವರ್ಷ, ಮೂಲನಿಯಮಗಳು ಆದರ್ಶ ಸ್ಥಿತಿಗಳಲ್ಲಿ ಮಾತ್ರ ಸತ್ಯ ಎಂದರು; ಲೋಕದಲ್ಲಿ ಕೆಲಸ ಮಾಡುವುದು ವಸ್ತುಗಳ ಸಾಮರ್ಥ್ಯ ಎಂದು ಮುಂದೆ ವಾದಿಸಿದರು. ಟಿಮ್ ಮಾಡ್ಲಿನ್ 2007ರ ಗ್ರಂಥದಲ್ಲಿ, ನಿಯಮಗಳು ಇಂದಿನ ಸ್ಥಿತಿಯಿಂದ ನಾಳಿನ ಸ್ಥಿತಿಯನ್ನು ನಿಜವಾಗಿಯೂ ಉತ್ಪಾದಿಸುತ್ತವೆ ಎಂಬ ಪಕ್ಷವನ್ನು ಎತ್ತಿಹಿಡಿದರು.

ಕೊನೆಯದು ನಿಯಮಗಳ ಕಾರಕತ್ವದ ಪರವಾಗಿರುವ ಅತ್ಯಂತ ಬಲವಾದ ವಾದ. ಅದಕ್ಕೆ ಎದುರಾಗುವ ಅಡಚಣೆಯೂ ಸಣ್ಣದಲ್ಲ. ಈ ಮಡಕೆ ಒಡೆಯಿತು, ಪಕ್ಕದ್ದು ಉಳಿಯಿತು ಏಕೆ ಎಂಬುದು ನಾವು ಕೇಳುವ ಪ್ರಶ್ನೆ. ಎರಡಕ್ಕೂ ನಿಯಮ ಒಂದೇ. ಎಲ್ಲೆಡೆ, ಎಲ್ಲ ಕಾಲಕ್ಕೂ ಒಂದೇ ಆಗಿರುವುದು ಈ ವ್ಯತ್ಯಾಸವನ್ನು ತಂದಿರಲಾರದು. ನೈಯಾಯಿಕರು ಕಾಲ, ದಿಕ್ಕು ಮೊದಲಾದವನ್ನು ಎಲ್ಲ ಕಾರ್ಯಗಳಿಗೂ ಬೇಕಾದ ಸಾಧಾರಣ ಕಾರಣಗಳೆಂದು ಬೇರೆಯೇ ಎಣಿಸಿದರು. ನಿಯಮವನ್ನು ಕಾರಣವೆನ್ನಲೇಬೇಕಾದರೆ ಅದು ಆ ಸಾಲಿಗೆ ಸೇರೀತು.

ಸರಾಸರಿಯತ್ತ ಮರಳುವಿಕೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಸೆರೆಯಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ನಾಣ್ಯವನ್ನು 10,000 ಸಲ ಚಿಮ್ಮಿ 5,067 ಸಲ ತಲೆ ಬಿದ್ದುದನ್ನು ಬರೆದಿಟ್ಟರು. ಹೀಗೆ ಒಟ್ಟು ಲೆಕ್ಕ ಅರ್ಧಕ್ಕೆ ಹತ್ತಿರ ಬರುವುದರಿಂದ, ಸಾಲಾಗಿ ತಲೆ ಬಿದ್ದ ಮೇಲೆ ಬಾಲ ಬೀಳಲೇಬೇಕೆಂದು ಜೂಜುಗಾರ ನಂಬುತ್ತಾನೆ. ನಾಣ್ಯಕ್ಕೆ ಹಿಂದಿನದರ ನೆನಪಿಲ್ಲ, ಸರಿದೂಗಿಸುವ ಹೊಣೆಯೂ ಇಲ್ಲ. ಪ್ರತಿ ಸಲವೂ ಬೆರಳಿನ ಬಲ, ಗಾಳಿ, ನೆಲಗಳು ಮಾತ್ರ ಕೆಲಸ ಮಾಡುತ್ತವೆ.

ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರಗಳನ್ನು ಹೋಲಿಸಿ, ತೀರ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ವಾಲುತ್ತಾರೆಂದು ತೋರಿಸಿದ. ಸರಾಸರಿಯೇ ಮಕ್ಕಳನ್ನು ತನ್ನತ್ತ ಸೆಳೆಯುತ್ತಿದೆ ಎನಿಸುವುದು ಸಹಜ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ತೀರ ಎತ್ತರದ ಮಕ್ಕಳ ತಂದೆತಾಯಂದಿರೂ ಸರಾಸರಿಯತ್ತ ವಾಲಿರುತ್ತಾರೆ. ಮಕ್ಕಳಿಂದ ಹೆತ್ತವರ ಕಡೆಗೆ, ಕಾಲದಲ್ಲಿ ಹಿಮ್ಮುಖವಾಗಿ, ಯಾವ ಸೆಳೆತವೂ ಇರಲಾರದು. ಎರಡು ಅಳತೆಗಳ ಸಂಬಂಧ ಪರಿಪೂರ್ಣವಾಗಿಲ್ಲದಿದ್ದಾಗ ಗಣಿತವಾಗಿಯೇ ಈ ವಾಲುವಿಕೆ ಬರುತ್ತದೆ.

ಇದನ್ನು ಮರೆತರೆ ಆಗುವ ಹಾನಿ ದೊಡ್ಡದು. ಇಸ್ರೇಲಿನ ವಾಯುಪಡೆಯ ತರಬೇತುದಾರರು, ಹೊಗಳಿದರೆ ಮುಂದಿನ ಹಾರಾಟ ಕೆಡುತ್ತದೆ, ಬೈದರೆ ಸುಧಾರಿಸುತ್ತದೆ ಎಂದು ನಂಬಿದ್ದುದನ್ನು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ದಾಖಲಿಸಿದ್ದಾರೆ. ತೀರ ಚೆನ್ನಾದ ಹಾರಾಟದ ನಂತರದ್ದು ಸಾಮಾನ್ಯವಾಗಿ ಅಷ್ಟು ಚೆನ್ನಾಗಿರುವುದಿಲ್ಲ, ತೀರ ಕೆಟ್ಟದ್ದರ ನಂತರದ್ದು ಅಷ್ಟು ಕೆಟ್ಟದಾಗಿರುವುದಿಲ್ಲ. ಬೈಗುಳಕ್ಕೆ ಸಿಗಬಾರದ ಶ್ರೇಯ ಸಿಕ್ಕಿತು. ತತ್ತ್ವಶಾಸ್ತ್ರಜ್ಞ ಮಾರ್ಕ್ ಲಾಂಗ್ ಇಂಥ ವಿವರಣೆಗಳನ್ನು ನಿಜಾರ್ಥದಲ್ಲಿ ಸಂಖ್ಯಾಶಾಸ್ತ್ರೀಯ ವಿವರಣೆಗಳೆಂದು ಪ್ರತ್ಯೇಕಿಸಿದ್ದಾರೆ. ಇವು ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತವೆ, ಆದರೆ ಯಾವ ಕಾರಣವನ್ನೂ ಹೆಸರಿಸುವುದಿಲ್ಲ.

ಎಲ್ ನಿನೊ ಮತ್ತು ಭಾರತದ ಮುಂಗಾರು

ಮೈಸೂರು ಸೀಮೆಯನ್ನೂ ನುಚ್ಚುನೂರು ಮಾಡಿದ 1876–78ರ ಬರ ಮತ್ತು 1899ರ ಮಳೆ ವೈಫಲ್ಯಗಳು, ಮುಂಗಾರನ್ನು ಮೊದಲೇ ಅಂದಾಜಿಸುವ ತುರ್ತನ್ನು ಹುಟ್ಟಿಸಿದವು. 1904ರಲ್ಲಿ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥನಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್, ಜಗತ್ತಿನ ನಾನಾ ಊರುಗಳ ವಾಯುಭಾರ, ಉಷ್ಣತೆ, ಮಳೆಗಳ ಲೆಕ್ಕಗಳನ್ನು ತಾಳೆ ಹಾಕಿಸಿದ. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವ, ಅಲ್ಲಿ ಇಳಿದಾಗ ಇಲ್ಲಿ ಏರುವ ತೂಗಾಟ ಅವನಿಗೆ ಕಂಡಿತು. 1920ರ ದಶಕದಲ್ಲಿ ಅವನು ಅದನ್ನು ದಕ್ಷಿಣದ ಆಂದೋಲನ ಎಂದು ಹೆಸರಿಸಿದ. ಅವನಲ್ಲಿದ್ದದ್ದು ಸಹಸಂಬಂಧದ ಅಂಕಿಗಳು ಮಾತ್ರ.

1969ರಲ್ಲಿ ಯಾಕೊಬ್ ಬಿಯರ್ಕ್ನೆಸ್ ಆ ತೂಗಾಟವನ್ನು ಸಮುದ್ರದ ಮೇಲ್ಮೈ ಉಷ್ಣತೆಗೆ ಜೋಡಿಸಿದರು. ವಾಣಿಜ್ಯ ಮಾರುತಗಳು ದುರ್ಬಲವಾದಾಗ ಪೆಸಿಫಿಕ್ಕಿನ ಬೆಚ್ಚಗಿನ ನೀರು ಪೂರ್ವಕ್ಕೆ ಹರಡುತ್ತದೆ; ಈ ಸ್ಥಿತಿಯನ್ನೇ ಎಲ್ ನಿನೊ ಎನ್ನುವುದು. ಗಾಳಿ ಮೇಲೇರುವ ಜಾಗವೂ ಅದರೊಂದಿಗೆ ಪೂರ್ವಕ್ಕೆ ಸರಿಯುತ್ತದೆ. ಆಗ ಭಾರತದ ಕಡೆ ಗಾಳಿ ಕೆಳಗಿಳಿಯುವ ಒಲವು ಹೆಚ್ಚಿ ಮೋಡ ಕಟ್ಟುವುದು ಕಡಿಮೆಯಾಗುತ್ತದೆ. ವಿನ್ಯಾಸದ ಹಿಂದಿನ ಕಾರಕಗಳು ಹೀಗೆ ಒಂದೊಂದಾಗಿ ಸಿಕ್ಕವು.

ಹೆಸರಿಗೂ ಕಾರಕಕ್ಕೂ ಇರುವ ಭೇದವನ್ನು ಮುಂದಿನ ವರ್ಷಗಳು ತೋರಿಸಿದವು. 1997ರ ಎಲ್ ನಿನೊ ಇಪ್ಪತ್ತನೆಯ ಶತಮಾನದ ಅತಿ ಪ್ರಬಲವಾದವುಗಳಲ್ಲಿ ಒಂದು. ಆದರೂ ಆ ವರ್ಷ ಭಾರತದ ಮುಂಗಾರು ದೀರ್ಘಾವಧಿ ಸರಾಸರಿಯ ಶೇಕಡ 102ರಷ್ಟಿತ್ತು. ಅದಕ್ಕಿಂತ ದುರ್ಬಲ ಎಲ್ ನಿನೊ ಇದ್ದ 2002ರಲ್ಲಿ ಮಳೆ ಶೇಕಡ 81ಕ್ಕೆ ಕುಸಿಯಿತು. ಪೂರ್ವ ಪೆಸಿಫಿಕ್ಕಿಗಿಂತ ಮಧ್ಯ ಪೆಸಿಫಿಕ್ ಕಾದಾಗ ಭಾರತಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆಂದು 2006ರ ಸಂಶೋಧನೆಯೊಂದು ತೋರಿಸಿತು. ಹಿಂದೂ ಮಹಾಸಾಗರದ ಎರಡು ಬದಿಗಳ ಉಷ್ಣತೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆಂಬುದು 1999ರಿಂದ ಗೊತ್ತು. ಮಳೆಯನ್ನು ತಡೆಯುವುದು ಇಳಿಯುವ ಗಾಳಿ. ಎಲ್ ನಿನೊ ಎಂಬುದು ಆ ಗಾಳಿಯನ್ನು ಕೆಲವೊಮ್ಮೆ ತರುವ ಸಂಗತಿಗಳ ಗುಚ್ಛಕ್ಕೆ ಇಟ್ಟ ಹೆಸರು.

ಗುಂಪಿನ ಗುಣಗಳು

ಹಾಗೆಂದು ಸರಾಸರಿಗಳೆಲ್ಲ ನಿಷ್ಕ್ರಿಯ ಎನ್ನಲಾಗದು. ಕುಕ್ಕರಿನೊಳಗಿನ ಉಷ್ಣತೆ ಅಸಂಖ್ಯ ಅಣುಗಳ ಚಲನಶಕ್ತಿಯ ಸರಾಸರಿಗೆ ಸಂಬಂಧಿಸಿದ ಅಳತೆ. ಆದರೂ ಉಗಿಯ ಒತ್ತಡ ವಿಷಲ್ ಎಬ್ಬಿಸಿತು ಎಂಬ ಮಾತಿನಲ್ಲಿ ತಪ್ಪಿಲ್ಲ, ಏಕೆಂದರೆ ಆ ಅಣುಗಳು ಒಂದೇ ಪಾತ್ರೆಯಲ್ಲಿ ಕೂಡಿ ಒಂದೇ ಮುಚ್ಚಳವನ್ನು ತಳ್ಳುತ್ತವೆ. ದಡಾರದಂಥ ರೋಗದಲ್ಲಿ ಊರಿನ ಸುಮಾರು ಶೇಕಡ 95ರಷ್ಟು ಜನ ಲಸಿಕೆ ಪಡೆದಿದ್ದರೆ ಲಸಿಕೆ ಪಡೆಯಲಾಗದ ಹಸುಗೂಸೂ ಸುರಕ್ಷಿತ. ಇಲ್ಲಿ ಶೇಕಡಾವಾರು ಒಂದು ಗುಂಪಿನ ನಿಜವಾದ ಸ್ಥಿತಿ. ರೋಗಾಣುವಿಗೆ ದಾಟಲು ದಾರಿಯಿಲ್ಲದಂತೆ ಮಾಡಿರುವುದು ಆ ಸ್ಥಿತಿಯೇ.

ಜೇಮ್ಸ್ ವುಡ್‌ವರ್ಡ್ 2003ರಲ್ಲಿ ವಿಸ್ತರಿಸಿದ ಹಸ್ತಕ್ಷೇಪ ಸಿದ್ಧಾಂತ ಇದಕ್ಕೊಂದು ಒರೆಗಲ್ಲು ಕೊಡುತ್ತದೆ: ಉಳಿದದ್ದನ್ನು ಮುಟ್ಟದೆ ಒಂದನ್ನು ಬದಲಿಸಿದಾಗ ಇನ್ನೊಂದು ಬದಲಾಗುವುದಾದರೆ ಮೊದಲನೆಯದು ಕಾರಣ. ಲಸಿಕೆಯ ಪ್ರಮಾಣವನ್ನು ಬದಲಿಸಬಹುದು, ಒತ್ತಡವನ್ನು ಬದಲಿಸಬಹುದು. ಗುರುತ್ವ ನಿಯಮವನ್ನು ಯಾರೂ ಬದಲಿಸಲಾರರು. ಕಳೆದ ವರ್ಷಗಳ ಸರಾಸರಿ ಮಳೆಯನ್ನು ಪುಸ್ತಕದಲ್ಲಿ ತಿದ್ದಿದರೆ ಈ ವರ್ಷ ಒಂದು ಹನಿಯೂ ಹೆಚ್ಚು ಬೀಳದು.

ಜೀವವಿಕಾಸದಲ್ಲಿ ಈ ವಿವಾದ ಇನ್ನೂ ಜೀವಂತವಾಗಿದೆ. ನಿಸರ್ಗದ ಆಯ್ಕೆ ಜೀವಿಸಮೂಹದ ಮೇಲೆ ಕೆಲಸ ಮಾಡುವ ಬಲ ಎಂಬ ಹೋಲಿಕೆಯನ್ನು ಎಲಿಯಟ್ ಸೋಬರ್ 1984ರಲ್ಲಿ ವಿವರಿಸಿದರು. ಅದು ಹುಟ್ಟುಸಾವುಗಳ ಸಂಖ್ಯಾಸಾರ ಮಾತ್ರವೆಂದು ಮೋಹನ್ ಮ್ಯಾಥೆನ್, ಆಂಡ್ರೆ ಏರಿಯೂ, ಡೆನಿಸ್ ವಾಲ್ಶ್, ಟಿಮ್ ಲೂಯೆನ್ಸ್ 2002ರ ಎರಡು ಲೇಖನಗಳಲ್ಲಿ ವಾದಿಸಿದರು. ಇಂಗ್ಲೆಂಡಿನ ಕೈಗಾರಿಕಾ ಪ್ರದೇಶಗಳಲ್ಲಿ ಮಸಿ ಹಿಡಿದ ಮರಗಳ ಮೇಲೆ ಕಪ್ಪು ಪತಂಗಗಳು ಹೆಚ್ಚಿದಾಗ, ತಿಳಿಬಣ್ಣದವನ್ನು ಹೆಕ್ಕಿ ತಿಂದದ್ದು ಹಕ್ಕಿಗಳು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಅನುಮಾನವಿಲ್ಲ.

ಅಂಕಿಯ ಅರಿವು ಕಾರಣವಾಗುವುದು

ಅಂಕಿಅಂಶ ಕಾರಕವಾಗುವ ಸ್ಪಷ್ಟ ಸಂದರ್ಭವೊಂದಿದೆ: ಜನ ಅದನ್ನು ತಿಳಿದು ನಡೆದುಕೊಂಡಾಗ. ಮಳೆ ಕಡಿಮೆಯೆಂಬ ಮುನ್ಸೂಚನೆ ಕೇಳಿದ ರೈತ ಭತ್ತ ಬಿಟ್ಟು ರಾಗಿ ಬಿತ್ತಬಹುದು. ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಮರಣದ ಲೆಕ್ಕದಿಂದ ಕಟ್ಟಿದಂಥ ಕೋಷ್ಟಕಗಳ ಮೇಲೆ ವಿಮೆಯ ಕಂತುಗಳು ನಿಂತಿವೆ. ಜನರನ್ನು ವರ್ಗಗಳಾಗಿ ಎಣಿಸುವುದೇ ಆ ಜನರ ಬದುಕನ್ನು ಹೇಗೆ ತಿದ್ದುತ್ತದೆಂದು ಇಯಾನ್ ಹ್ಯಾಕಿಂಗ್ ವಿಸ್ತಾರವಾಗಿ ತೋರಿಸಿದ್ದಾರೆ. ಇಲ್ಲೆಲ್ಲ ಕೆಲಸ ಮಾಡಿದ್ದು ಓದಿದ, ಕೇಳಿದ, ನಂಬಿದ ಮಾತು. ಅದೂ ಲೋಕದೊಳಗೆ ನಡೆದ ಒಂದು ಘಟನೆ.

ಮೌಲ್ಯಮಾಪನ

ನಿಯಮಗಳೂ ವಿನ್ಯಾಸಗಳೂ ಬಹುಮಟ್ಟಿಗೆ ಜ್ಞಾಪಕಗಳು. ಅವು ಎಲ್ಲಿ ಹುಡುಕಬೇಕೆಂದು ಹೇಳುತ್ತವೆ, ಯಾವುದು ಅಸಾಧ್ಯವೆಂದು ತಿಳಿಸುತ್ತವೆ, ಎಷ್ಟೋ ‘ಏಕೆ’ಗಳಿಗೆ ಕಾರಣವನ್ನು ಹೆಸರಿಸದೆಯೂ ಉತ್ತರ ಕೊಡುತ್ತವೆ. ಇದರಿಂದ ಅವುಗಳ ಘನತೆಗೆ ಕುಂದಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ್ದು ಅಂಕಿಗಳ ಮೂಲಕವೇ. ಎರಡಕ್ಕೂ ಸಾಮಾನ್ಯವಾದ ಆನುವಂಶಿಕ ಮೂಲವಿರಬಹುದೆಂದು ಸಂಖ್ಯಾಶಾಸ್ತ್ರದ ಮಹಾಪಂಡಿತ ರೊನಾಲ್ಡ್ ಫಿಷರ್ ಶಂಕಿಸಿದರೂ ಮುಂದಿನ ಸಾಕ್ಷ್ಯಗಳು ಡಾಲ್ ಮತ್ತು ಹಿಲ್ ಅವರ ಪರವಾಗಿಯೇ ನಿಂತವು. ಅಂಕಿ ದಾರಿ ತೋರಿಸಿತು. ಶ್ವಾಸಕೋಶವನ್ನು ಕೆಡಿಸಿದ್ದು ಹೊಗೆ.